ಪಿಕಪ್‌ಗೆ ದೊಡ್ಡ ಟೈರು: ಮೈಲೇಜ್ ನಿಜಕ್ಕೂ ಎಷ್ಟು ಇಳಿಯುತ್ತದೆ, ಎಲ್ಲಿ ಉಳಿಸಿಕೊಳ್ಳಬಹುದು

ಪಿಕಪ್‌ಗೆ ಒಂದೆರಡು ಸೈಜು ದೊಡ್ಡ ಟೈರು ಹಾಕಿಸಿ ಮೊದಲ ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ ಮೈಲೇಜ್ ಬಿದ್ದಿರುವುದು ಲೆಕ್ಕದಲ್ಲಿ ಕಾಣುತ್ತದೆ. ಹಾಗೆ ಕಾಣುವ ಇಳಿಕೆಯಲ್ಲಿ ಒಂದು ಪಾಲು ಮೀಟರಿನ ತಪ್ಪು ಲೆಕ್ಕ. ಇನ್ನೊಂದು ಪಾಲು, ಸ್ಪೀಡೋಮೀಟರಿನ ಮುಳ್ಳು ತೋರಿಸುವುದಕ್ಕಿಂತ ಗಾಡಿ ಜೋರಾಗಿ ಓಡುತ್ತಿರುವುದರ ಫಲ. ಉಳಿದದ್ದು ಮಾತ್ರ ಟೈರು ನಿಜವಾಗಿ ಕುಡಿಯುವ ಇಂಧನ. ಈ ಮೂರನ್ನು ಬಿಡಿಸಿ ನೋಡದೆ ಟೈರನ್ನು ಬೈಯುವುದಾಗಲಿ, ಗೇರ್ ಬದಲಿಸಲು ದುಡ್ಡು ಸುರಿಯುವುದಾಗಲಿ ಸರಿಯಲ್ಲ. ಹಾಗಾಗಿ ಮೊದಲು ಅಳತೆ, ಆಮೇಲೆ ಕಾರಣ, ಕೊನೆಗೆ ಪರಿಹಾರ.

ಉದ್ದಕ್ಕೂ ಒಂದೇ ಗಾಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಚಾಲಕ ಮತ್ತು ಸ್ವಲ್ಪ ಸಾಮಾನು ಸೇರಿ 2,200 ಕೆ.ಜಿ. ತೂಗುವ ಡಬಲ್ ಕ್ಯಾಬ್ ಪಿಕಪ್. ಕಂಪನಿಯಿಂದ ಬಂದ ಟೈರು 265/65ಆರ್17, ಹೊಸದು 285/70ಆರ್17.

ಸೈಜಿನ ಲೆಕ್ಕ

ಟೈರಿನ ಮೇಲಿನ ಮೊದಲ ಸಂಖ್ಯೆ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಸೈಡ್‌ವಾಲ್ ಎತ್ತರ, ಅಗಲದ ಶೇಕಡಾವಾರು. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಟ್ಟು ವ್ಯಾಸ ಬೇಕಿದ್ದರೆ ಸೈಡ್‌ವಾಲನ್ನು ಎರಡರಿಂದ ಗುಣಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಎರಡನ್ನೂ ಕೂಡಿ.

265/65ಆರ್17: 265 × 0.65 × 2 = 344.5. ಅದಕ್ಕೆ 17 × 25.4 = 431.8 ಕೂಡಿದರೆ 776.3 ಮಿ.ಮೀ.
285/70ಆರ್17: 285 × 0.70 × 2 = 399. ಅದಕ್ಕೂ 431.8 ಕೂಡಿದರೆ 830.8 ಮಿ.ಮೀ.

ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.07. ಅಂದರೆ ಹೊಸ ಚಕ್ರ ಒಂದು ಸುತ್ತಿಗೆ 7% ಹೆಚ್ಚು ದೂರ ಹೋಗುತ್ತದೆ. ಈ 1.07 ಮುಂದಿನ ಪ್ರತಿಯೊಂದು ಲೆಕ್ಕಕ್ಕೂ ಬೇಕು, ಬರೆದಿಟ್ಟುಕೊಳ್ಳಿ. ನಡುವಿನ ಸೈಜಾದ 265/70ಆರ್17ಕ್ಕೆ ಹೋದರೆ ವ್ಯಾಸ 802.8 ಮಿ.ಮೀ., ವ್ಯತ್ಯಾಸ 3.4%. ಅದೇ 35 ಇಂಚಿನ ಟೈರಾದರೆ ವ್ಯಾಸ 889 ಮಿ.ಮೀ., ವ್ಯತ್ಯಾಸ 14.5%.

ಇಲ್ಲೇ ಇನ್ನೊಂದು ಮಾತು. ಆಕ್ಸಲಿನ ನಡುವಿನ ಗೇರ್ ಪೆಟ್ಟಿಗೆಯ, ಅಂದರೆ ಡಿಫರೆನ್ಶಿಯಲ್ ಹೌಸಿಂಗಿನ, ಅಡಿಯಲ್ಲಿ ಸಿಗುವ ಎತ್ತರ ವ್ಯಾಸದ ವ್ಯತ್ಯಾಸದಷ್ಟಲ್ಲ, ಅದರ ಅರ್ಧ. 776ರಿಂದ 831ಕ್ಕೆ ಹೋದರೆ ನೆಲದಿಂದ ಸಿಗುವುದು 27 ಮಿ.ಮೀ. ಮಾತ್ರ. ಕೊಡುವ ಬೆಲೆಗೆ ಈ 27 ಮಿ.ಮೀ. ಸಾಕೇ ಎಂದು ಟೈರು ಕೊಳ್ಳುವ ಮೊದಲೇ ಯೋಚಿಸುವುದು ಒಳ್ಳೆಯದು.

ಕಾಗದದ ಲೆಕ್ಕ ಸಾಲದು, ಉರುಳಿಸಿ ಅಳೆಯಿರಿ

ಟೈರಿನ ಮೇಲೆ ಬರೆದ ಸೈಜು ಒಂದೇ ಆದರೂ ಕಂಪನಿಯಿಂದ ಕಂಪನಿಗೆ ನಿಜವಾದ ವ್ಯಾಸ ಕೆಲವು ಮಿಲಿಮೀಟರ್ ಆಚೀಚೆ ಇರುತ್ತದೆ. ಇಂಚಿನ ಲೆಕ್ಕದಲ್ಲಿ ಮಾರುವ ಆಫ್-ರೋಡ್ ಟೈರುಗಳು ಹೆಸರಿಗೆ 35 ಎಂದಿದ್ದರೂ ಅಳೆದರೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಸಾಲದ್ದಕ್ಕೆ ಗಾಡಿಯ ಭಾರಕ್ಕೆ ಟೈರಿನ ಬುಡ ಅಮುಕಿ, ಉರುಳುವ ಸುತ್ತಳತೆ ಕಾಗದದ ಸುತ್ತಳತೆಗಿಂತ ಶೇಕಡಾ ಎರಡು ಮೂರರಷ್ಟು ಚಿಕ್ಕದಾಗುತ್ತದೆ. ಉರುಳಿಸಿ ಅಳೆಯಲು ಬೇಕಾದ ಸಾಮಾನು ಒಂದು ಚಾಕ್‌ಪೀಸ್, 15 ಮೀಟರಿನ ಟೇಪು, ಸಮತಟ್ಟಾದ ನೆಲ.

ಹಳೆಯ ಟೈರು ಬಿಚ್ಚುವ ಮೊದಲೇ ಅಳೆಯಿರಿ. ಗಾಳಿ ಸರಿಯಾಗಿರಲಿ, ಗಾಡಿಯಲ್ಲಿ ಎಂದಿನ ಭಾರ ಇರಲಿ. ಹಿಂದಿನ ಚಕ್ರದಲ್ಲಿ ನೆಲಕ್ಕೆ ತಾಗಿರುವ ಜಾಗದ ನಡುಮಧ್ಯಕ್ಕೆ ಸೈಡ್‌ವಾಲಿನ ಮೇಲೆ ಒಂದು ಗೆರೆ, ಅದರ ಕೆಳಗೇ ನೆಲದ ಮೇಲೆ ಒಂದು ಗೆರೆ. ಸ್ಟೇರಿಂಗ್ ನೇರ ಇಟ್ಟು ಚಕ್ರ ಸರಿಯಾಗಿ ಐದು ಸುತ್ತು ಬರುವ ತನಕ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಬಿಡಿ, ಗೆರೆ ಮತ್ತೆ ಕೆಳಗೆ ಬಂದಲ್ಲಿ ನಿಲ್ಲಿಸಿ ನೆಲದ ಮೇಲೆ ಗುರುತು ಹಾಕಿ. ಎರಡು ಗುರುತುಗಳ ನಡುವಿನ ದೂರವೇ ಐದು ಸುತ್ತಿನ ಅಳತೆ. ನಮ್ಮ ಉದಾಹರಣೆಯಲ್ಲಿ ಹಳೆಯದಕ್ಕೆ 11.8 ಮೀಟರ್, ಹೊಸದಕ್ಕೆ 12.6 ಮೀಟರಿನ ಆಸುಪಾಸು ಬರಬೇಕು. ಹೊಸ ಅಳತೆಯನ್ನು ಹಳೆಯದರಿಂದ ಭಾಗಿಸಿದರೆ ಬರುವುದೇ ಓಡೋಮೀಟರಿನ ತಿದ್ದುಪಡಿ ಸಂಖ್ಯೆ. ಒಂದು ಸುತ್ತಿಗೆ ಅಳೆದರೆ ಗೆರೆ ಹಾಕುವಲ್ಲಿನ ಚಿಕ್ಕ ತಪ್ಪೇ ದೊಡ್ಡದಾಗಿಬಿಡುತ್ತದೆ, ಅದಕ್ಕೇ ಐದು ಸುತ್ತು.

ಹಳೆಯ ಟೈರು ಈಗಾಗಲೇ ಮಾರಿಹೋಗಿದ್ದರೆ ಬೇರೆ ದಾರಿ ಇದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು ಕನಿಷ್ಠ 30 ಕಿ.ಮೀ. ಓಡಿಸಿ, ಓಡೋಮೀಟರ್ ಎಷ್ಟು ತೋರಿಸಿತು ನೋಡಿ. ಕಲ್ಲಿನ ದೂರವನ್ನು ಓಡೋಮೀಟರಿನ ದೂರದಿಂದ ಭಾಗಿಸಿದರೆ ಅದೇ ತಿದ್ದುಪಡಿ ಸಂಖ್ಯೆ. ಜಿಪಿಎಸ್ ದೂರವೂ ನಡೆಯುತ್ತದೆ, ಆದರೆ ಸುರಂಗ ಮತ್ತು ಒತ್ತೊತ್ತಾದ ತಿರುವು ಇರುವ ದಾರಿಯಲ್ಲಿ ಅದು ತಪ್ಪುತ್ತದೆ.

ಜಿಪಿಎಸ್ ವೇಗವನ್ನೂ ಸ್ಪೀಡೋಮೀಟರ್ ಮುಳ್ಳನ್ನೂ ಹೋಲಿಸಿ ಆ ಸಂಖ್ಯೆಯನ್ನು ಮೈಲೇಜ್ ತಿದ್ದಲು ಬಳಸುವವರು ಬಹಳ. ಅದು ತಪ್ಪು ದಾರಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮ 39. ಹಾಗಾಗಿ ಕಂಪನಿಯವರು ಮುಳ್ಳನ್ನು ಬೇಕೆಂದೇ ಒಂದಿಷ್ಟು ಮೇಲೆ ತೋರಿಸುವಂತೆ ಕೂರಿಸಿರುತ್ತಾರೆ. ಓಡೋಮೀಟರಿಗೆ ಆ ಏರಿಕೆ ಇರುವುದಿಲ್ಲ. ದೂರವನ್ನು ದೂರದ ಜೊತೆಗೇ ಹೋಲಿಸಬೇಕು.

ಟ್ಯಾಂಕ್ ತುಂಬಿಸಿ ಅಳೆಯುವ ಕ್ರಮ

ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನು ಇಲ್ಲಿ ನಂಬಬೇಡಿ. ಅದು ಇಂಜೆಕ್ಟರ್ ಬಿಟ್ಟ ಇಂಧನದ ಅಂದಾಜನ್ನೂ ಚಕ್ರದ ಸುತ್ತಿನಿಂದ ಬಂದ ದೂರವನ್ನೂ ಸೇರಿಸಿ ಹೇಳುವ ಸಂಖ್ಯೆ. ದೂರ 7% ಕಡಿಮೆ ದಾಖಲಾಗುತ್ತಿರುವಾಗ ಅದು ಸರಿ ಹೇಳಲು ಸಾಧ್ಯವೇ ಇಲ್ಲ.

1. ಬಂಕಿನಲ್ಲಿ ಪಂಪಿನ ನಾಜಲ್ ತಾನಾಗಿ ಕಟ್ ಆಗುವ ತನಕ ತುಂಬಿಸಿ, ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಒತ್ತಿ ಕಂಠಮಟ್ಟ ತುಂಬಿಸಬೇಡಿ. ಡೀಸೆಲ್ ನೊರೆ ಬರುವುದರಿಂದ ಪ್ರತಿ ಸಲ ಬೇರೆ ಬೇರೆ ಮಟ್ಟಕ್ಕೆ ನಿಲ್ಲುತ್ತದೆ.
2. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಓಡೋಮೀಟರ್ ಅಂಕಿಯನ್ನೂ ಬರೆದಿಡಿ.
3. ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವ ತನಕ ಎಂದಿನ ದಾರಿಯಲ್ಲೇ ಓಡಿಸಿ. ಅರ್ಧ ಟ್ಯಾಂಕಿಗೇ ಅಳೆದರೆ ತುಂಬಿಸುವಲ್ಲಿನ ಒಂದೆರಡು ಲೀಟರ್ ವ್ಯತ್ಯಾಸವೇ ಉತ್ತರವನ್ನು ಕೆಡಿಸುತ್ತದೆ.
4. ಅದೇ ಬಂಕ್, ಅದೇ ಪಂಪ್, ಗಾಡಿ ಅದೇ ಮುಖವಾಗಿ ನಿಂತಿರಲಿ. ಮತ್ತೆ ಮೊದಲ ಕಟ್‌ಗೆ ನಿಲ್ಲಿಸಿ, ಲೀಟರ್ ಬರೆದುಕೊಳ್ಳಿ.
5. ಓಡೋಮೀಟರ್ ದೂರ × ತಿದ್ದುಪಡಿ ಸಂಖ್ಯೆ ÷ ಲೀಟರ್ = ನಿಜವಾದ ಮೈಲೇಜ್.
6. ಹಳೆಯ ಟೈರಿನಲ್ಲಿ ಮೂರು ಟ್ಯಾಂಕ್, ಹೊಸದರಲ್ಲಿ ಮೂರು ಟ್ಯಾಂಕ್. ಒಂದೇ ಟ್ಯಾಂಕಿನ ಉತ್ತರ ಎದುರುಗಾಳಿಗೂ ಟ್ರಾಫಿಕ್ಕಿಗೂ ಸಿಕ್ಕಿ ಅಲ್ಲಾಡುತ್ತದೆ.

ಈಗ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಹಳೆಯ ಟೈರಿನಲ್ಲಿ 610 ಕಿ.ಮೀ.ಗೆ 58 ಲೀಟರ್ ಹಿಡಿಯಿತು ಎನ್ನೋಣ: ಲೀಟರಿಗೆ 10.5 ಕಿ.ಮೀ. ಹೊಸ ಟೈರಿನಲ್ಲಿ ಓಡೋಮೀಟರ್ 548 ತೋರಿಸಿದಾಗ 60.2 ಲೀಟರ್ ಹಿಡಿಯಿತು. ಹಾಗೆಯೇ ಭಾಗಿಸಿದರೆ 9.1, ಅಂದರೆ 13% ಇಳಿಕೆ. ಆದರೆ ಗಾಡಿ ನಿಜವಾಗಿ ಓಡಿದ್ದು 548 × 1.07 = 586 ಕಿ.ಮೀ. ಮೈಲೇಜ್ 9.7, ಇಳಿಕೆ 7.4%. ಕಂಡ ನಷ್ಟದಲ್ಲಿ ಹತ್ತಿರಹತ್ತಿರ ಅರ್ಧ ಬರೀ ಮೀಟರಿನದು.

ಇನ್ನೂ ಒಂದು ಎಚ್ಚರಿಕೆ. ಹಳೆಯ ಟೈರು ಬಿಚ್ಚುವ ಹೊತ್ತಿಗೆ ಟ್ರೆಡ್ (ನೆಲಕ್ಕೆ ತಾಗುವ ಗೀರುಗಳಿರುವ ರಬ್ಬರ್ ಪದರ) ಸವೆದು 2–3 ಮಿ.ಮೀ.ಗೆ ಬಂದಿರುತ್ತದೆ. ಸವೆದ ಟೈರಿನಲ್ಲಿ ಮಣಿಯುವ ರಬ್ಬರ್ ಕಡಿಮೆ, ಹಾಗಾಗಿ ಅದು ಹೊಸದಕ್ಕಿಂತ ಹಗುರವಾಗಿ ಉರುಳುತ್ತದೆ. ಅದರ ವ್ಯಾಸವೂ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುವುದರಿಂದ ಓಡೋಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚೇ ದೂರ ತೋರಿಸಿ ಮೈಲೇಜನ್ನು ಹೊಳಪಿಸಿರುತ್ತದೆ. ಅದೇ ಸೈಜಿನ ಹೊಸ ಟೈರು ಹಾಕಿಸಿದ್ದರೂ ಮೈಲೇಜ್ ಒಂದಿಷ್ಟು ಇಳಿಯುತ್ತಿತ್ತು. ಆ ಪಾಲನ್ನು ದೊಡ್ಡ ಸೈಜಿನ ಲೆಕ್ಕಕ್ಕೆ ಬರೆಯಬೇಡಿ.

ಇಂಧನ ಎಲ್ಲಿ ಹೋಗುತ್ತದೆ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಗಾಡಿಯನ್ನು ಎರಡು ಬಲಗಳು ಹಿಡಿದೆಳೆಯುತ್ತವೆ: ಟೈರಿನ ಉರುಳು ತಡೆ, ಮತ್ತು ಗಾಳಿಯ ತಡೆ.

ಉರುಳು ತಡೆಯ ಮೂಲ ರಬ್ಬರು. ಚಕ್ರದ ಪ್ರತಿ ಸುತ್ತಿಗೂ ನೆಲಕ್ಕೆ ತಾಗುವ ಭಾಗ ಅಮುಕಿ, ಬಾಗಿ, ಮತ್ತೆ ಮೊದಲಿನಂತಾಗುತ್ತದೆ. ಬಾಗಿಸಲು ಕೊಟ್ಟ ಶಕ್ತಿಯೆಲ್ಲ ವಾಪಸ್ ಬರುವುದಿಲ್ಲ, ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಟ್ರೆಡ್ ದಪ್ಪಗಿದ್ದಷ್ಟೂ, ಬಟನ್‌ಗಳು ದೊಡ್ಡದಾಗಿ ಬಿಡಿಬಿಡಿಯಾಗಿದ್ದಷ್ಟೂ, ಸೈಡ್‌ವಾಲಿನ ಪದರಗಳು ಹೆಚ್ಚಿದ್ದಷ್ಟೂ ಈ ನಷ್ಟ ಹೆಚ್ಚು. ವ್ಯಾಸ ದೊಡ್ಡದಾದ ಮಾತ್ರಕ್ಕೆ ಉರುಳು ತಡೆ ಏರುವುದಿಲ್ಲ. ಉಳಿದದ್ದೆಲ್ಲ ಒಂದೇ ಆಗಿದ್ದರೆ ದೊಡ್ಡ ಚಕ್ರ ಇನ್ನೂ ಸುಲಭವಾಗಿಯೇ ಉರುಳುತ್ತದೆ. ತೊಂದರೆ ಏನೆಂದರೆ ದೊಡ್ಡ ಸೈಜಿಗೆ ಹೋಗುವವರು ಸಾಮಾನ್ಯವಾಗಿ ಹೈವೇ ಟೈರು ಬಿಟ್ಟು ಆಲ್-ಟೆರೇನ್ ಅಥವಾ ಮಡ್ ಟೈರಿಗೆ ಹೋಗುತ್ತಾರೆ. ಮೈಲೇಜ್ ತಿನ್ನುವುದರಲ್ಲಿ ಈ ಜಾತಿ ಬದಲಾವಣೆಯದೇ ದೊಡ್ಡ ಕೈ.

ಅಂಕಿಯಲ್ಲಿ ಹೇಳುವುದಾದರೆ: ಹೈವೇ ಟೈರಿನ ಉರುಳು ತಡೆ ಗಾಡಿಯ ಭಾರದ 1% ಎಂದಿಟ್ಟುಕೊಂಡರೆ 2,200 ಕೆ.ಜಿ. ಗಾಡಿಗೆ ಅದು 216 ನ್ಯೂಟನ್. ಒರಟು ಆಲ್-ಟೆರೇನ್‌ಗೆ 1.3% ಎಂದರೆ, ಟೈರಿನ ಹೆಚ್ಚುವರಿ ತೂಕವೂ ಸೇರಿ ಸುಮಾರು 285 ನ್ಯೂಟನ್. ಹತ್ತಿರಹತ್ತಿರ 70 ನ್ಯೂಟನ್ ಏರಿಕೆ. ಉರುಳು ತಡೆ 10% ಏರಿದರೆ ಇಂಧನ 1ರಿಂದ 2% ಹೆಚ್ಚು ಬೇಕು ಎಂಬುದು ಎಲ್ಲರೂ ಒಪ್ಪುವ ಅಂದಾಜು.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಂಥ ಪಿಕಪ್‌ಗೆ ಅದು ಗಂಟೆಗೆ 80 ಕಿ.ಮೀ.ನಲ್ಲಿ ಸುಮಾರು 355 ನ್ಯೂಟನ್ ಇದ್ದರೆ 100ರಲ್ಲಿ 555, 120ರಲ್ಲಿ 800. ದೊಡ್ಡ ಟೈರು ಇಲ್ಲಿ ಎರಡು ಬಗೆಯಲ್ಲಿ ಕೈ ಹಾಕುತ್ತದೆ. ಅಗಲವಾದ ಟೈರು ಗಾಳಿಗೆ ಎದುರಾಗುವ ಮೈಯನ್ನು ಹೆಚ್ಚಿಸುತ್ತದೆ. ಗಾಡಿ ಮೇಲೆದ್ದಷ್ಟೂ ಅಡಿಯ ಆಕ್ಸಲ್, ಟ್ಯಾಂಕ್, ಚಾಸಿಗಳಿಗೆ ಹೆಚ್ಚು ಗಾಳಿ ಬಡಿಯುತ್ತದೆ. ಟೈರಿಗೆ ಜಾಗ ಮಾಡಲೆಂದು ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿ, ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಬರುವಂಥ ರಿಮ್ ಹಾಕಿದರೆ ನಷ್ಟ ಇನ್ನೂ ಹೆಚ್ಚು. ಆ ನಷ್ಟ ಲಿಫ್ಟಿನದು, ರಿಮ್ಮಿನದು. ಬಹಳ ಜನ ಅದನ್ನೂ ಟೈರಿನ ತಲೆಗೇ ಕಟ್ಟುತ್ತಾರೆ.

ಈಗ ಬಹುಪಾಲು ಜನ ಗಮನಿಸದ ಸಂಗತಿ. ಮುಳ್ಳು 100 ತೋರಿಸುವಾಗ ಹೊಸ ಟೈರಿನ ಗಾಡಿ ಮೊದಲಿಗಿಂತ 7% ಜೋರಾಗಿ ಹೋಗುತ್ತಿರುತ್ತದೆ. 1.07ರ ವರ್ಗ 1.145. ಅಂದರೆ ಗಾಳಿಯ ತಡೆ 14.5% ಏರಿತು, 555 ಇದ್ದದ್ದು 636 ಆಯಿತು. ಏರಿಕೆ 80 ನ್ಯೂಟನ್. ಮೇಲೆ ಹೇಳಿದ ಒರಟು ಟ್ರೆಡ್ಡಿನ 70 ನ್ಯೂಟನ್‌ಗಿಂತ ಇದು ಹೆಚ್ಚು! ಓಡೋಮೀಟರ್ ತಿದ್ದುಪಡಿ ಮಾಡಿಕೊಂಡು ಮೈಲೇಜ್ ಲೆಕ್ಕ ಹಾಕಿದರೂ ಈ ನಷ್ಟ ಹೋಗುವುದಿಲ್ಲ, ಏಕೆಂದರೆ ಇಂಧನ ನಿಜವಾಗಿಯೇ ಸುಟ್ಟಿರುತ್ತದೆ. ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರು ಮಾಡಬೇಕಾದ ಮೊದಲ ಕೆಲಸ ಇದೇ: ಸ್ಪೀಡೋಮೀಟರ್ ಕ್ಯಾಲಿಬ್ರೇಟ್ ಮಾಡಿಸುವ ತನಕ ಹಳೆಯ 100ರ ಅಭ್ಯಾಸಕ್ಕೆ ಮುಳ್ಳನ್ನು 93–94ಕ್ಕೆ ಹಿಡಿಯುವುದು.

ತೂಕದ ವಿಷಯಕ್ಕೆ ಬಂದರೆ, ತಿರುಗುವ ಒಂದು ಕಿಲೋ ಗಾಡಿಯ ಮೇಲಿನ ಹತ್ತು ಕಿಲೋಗೆ ಸಮ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ನಿಜವಲ್ಲ. ಚಕ್ರದ ತೂಕವೆಲ್ಲ ಹೊರಗಿನ ಅಂಚಿನಲ್ಲೇ ಇದ್ದರೂ ವೇಗ ಏರಿಸುವಾಗ ಅದರ ಪರಿಣಾಮ ಗರಿಷ್ಠ ಎರಡು ಪಟ್ಟು, ಅದಕ್ಕಿಂತ ಮೇಲಿಲ್ಲ. 265/65ಆರ್17 ಹೈವೇ ಟೈರು 16–17 ಕೆ.ಜಿ., ಹತ್ತು ಪ್ಲೈ ದರ್ಜೆಯ (ಟೈರಿನ ಗಟ್ಟಿತನದ ಅಳತೆ) 285/70ಆರ್17 ಆಲ್-ಟೆರೇನ್ 25 ಕೆ.ಜಿ. ಆಸುಪಾಸು. ನಾಲ್ಕಕ್ಕೆ ಸುಮಾರು 35 ಕೆ.ಜಿ. ಹೆಚ್ಚು, ತಿರುಗುವ ಪರಿಣಾಮ ಸೇರಿ 70 ಕೆ.ಜಿ.ಗಿಂತ ಕಡಿಮೆ. ಒಬ್ಬ ಪ್ರಯಾಣಿಕನನ್ನು ಹತ್ತಿಸಿಕೊಂಡಷ್ಟೇ. ಒಂದೇ ವೇಗದ ಹೆದ್ದಾರಿ ಓಟದಲ್ಲಿ ಈ ತಿರುಗುವ ಪರಿಣಾಮ ಲೆಕ್ಕಕ್ಕೇ ಬರುವುದಿಲ್ಲ. ನಿಂತು ನಿಂತು ಹೋಗುವ ಊರೊಳಗಿನ ಓಡಾಟದಲ್ಲಿ ಪ್ರತಿ ಬ್ರೇಕಿಗೂ ಒಂದಿಷ್ಟು ಕಳೆಯುತ್ತದೆ.

ಗೇರಿನ ಲೆಕ್ಕ

ದೊಡ್ಡ ಟೈರು ಹಾಕುವುದೆಂದರೆ ಆಕ್ಸಲ್ ಗೇರನ್ನೇ ಬದಲಿಸಿದ ಹಾಗೆ. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬರುತ್ತದೆ ಎಂಬುದು) 3.91 ಇದ್ದರೆ, 3.91 ÷ 1.07 = 3.65. ಗಾಡಿ ಈಗ 3.65ರ ಗೇರಿದ್ದಂತೆ ನಡೆದುಕೊಳ್ಳುತ್ತದೆ. ಟಾಪ್ ಗೇರಿನ ಅನುಪಾತ 0.75 ಇದ್ದರೆ ನಿಜವಾದ 100 ಕಿ.ಮೀ. ವೇಗದಲ್ಲಿ ಎಂಜಿನ್ ಮೊದಲು ಸುಮಾರು 2,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದದ್ದು 1,870ಕ್ಕೆ ಇಳಿಯುತ್ತದೆ.

ಆರ್‌ಪಿಎಂ ಇಳಿದರೆ ಇಂಧನ ಉಳಿಯಬೇಕಲ್ಲ ಎಂದು ಕೇಳಬಹುದು. ಸಮತಟ್ಟು ರಸ್ತೆ, ಖಾಲಿ ಗಾಡಿ, ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಕೊಡುವ ಟರ್ಬೊ ಡೀಸೆಲ್ ಆದರೆ ಸ್ವಲ್ಪ ಉಳಿಯುತ್ತದೆ ಕೂಡ. ಆದರೆ ಏರು ಬಂದ ಕೂಡಲೇ ಲೆಕ್ಕ ತಿರುಗುತ್ತದೆ. ಟಾಪ್ ಗೇರಿನಲ್ಲಿ ಎಳೆಯಲಾಗದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಳಗಿಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್ ಬಿಚ್ಚಿಕೊಂಡಾಗಲೆಲ್ಲ ಶಕ್ತಿ ಎಣ್ಣೆಯನ್ನು ಬಿಸಿ ಮಾಡಲು ಹೋಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ ಈ ಕಾಟ ಇನ್ನೂ ಜಾಸ್ತಿ. ಮ್ಯಾನ್ಯುಯಲ್ ಗಾಡಿಯಲ್ಲಿ ಚಾಲಕ ಟಾಪ್ ಗೇರಿನಲ್ಲೇ ಎಳೆಸಲು ಹೋಗಿ ಎಂಜಿನ್ ಗುಡುಗುಟ್ಟುವಂತೆ ಮಾಡುತ್ತಾನೆ. ಆಕ್ಸಿಲರೇಟರ್ ಪೂರ್ತಿ ತುಳಿದಿದ್ದರೂ ವೇಗ ಏರದಿದ್ದರೆ ಅದು ಉಳಿತಾಯವಲ್ಲ, ಒಂದು ಗೇರ್ ಇಳಿಸಿ.

ಟೈರು ಹಾಕಿಸಿದ ಮೇಲೆ ಈ ಪರೀಕ್ಷೆ ಮಾಡಿ ನೋಡಿ. ಎಂದಿನ ಹೆದ್ದಾರಿಯ ಒಂದು ಸಾಧಾರಣ ಏರಿನಲ್ಲಿ, ಎಂದಿನ ಭಾರದಲ್ಲಿ, ನಿಜವಾದ 80–90ರಲ್ಲಿ ಗಾಡಿ ಟಾಪ್ ಗೇರನ್ನು ಹಿಡಿದು ನಿಲ್ಲುತ್ತದೆಯೇ? ನಿಂತರೆ ಗೇರ್ ಬದಲಾವಣೆ ಬೇಡ. ಒಂದೇ ಏರಿನಲ್ಲಿ ಎರಡು ಮೂರು ಸಲ ಗೇರ್ ಹುಡುಕಾಡಿದರೆ ಟ್ರೈಲರ್ ಎಳೆಯುವಾಗ ಖಂಡಿತ ತೊಂದರೆ ಕೊಡುತ್ತದೆ.

ಕೊಳ್ಳುವ ಮೊದಲು ನೋಡಬೇಕಾದದ್ದು

ಮೈಲೇಜ್ ಮುಖ್ಯ ಎನ್ನುವವರಿಗೆ ನಮ್ಮ ಸಲಹೆ ಸರಳ: ಎತ್ತರ ಬೇಕಾದರೆ ಎತ್ತರ ತೆಗೆದುಕೊಳ್ಳಿ, ಅಗಲ ತೆಗೆದುಕೊಳ್ಳಬೇಡಿ. 255/80ಆರ್17 ಟೈರಿನ ವ್ಯಾಸ 839.8 ಮಿ.ಮೀ., ಅಂದರೆ 285/70ಆರ್17ಗಿಂತಲೂ ಎತ್ತರ. ಅಗಲ 30 ಮಿ.ಮೀ. ಕಡಿಮೆ. ಗಾಳಿಗೆ ಎದುರಾಗುವ ಮೈ ಕಡಿಮೆ, ಸ್ಟೇರಿಂಗ್ ಫುಲ್ ಕಟ್ ಮಾಡಿದಾಗ ಉಜ್ಜುವ ಸಾಧ್ಯತೆ ಕಡಿಮೆ. ಸಿಗುವ ಮಾದರಿಗಳು ಕಡಿಮೆ ಎಂಬುದೊಂದೇ ಕೊರತೆ.

ಪ್ಲೈ ದರ್ಜೆ ಎರಡನೆಯದು. ಸೈಜಿನ ಮುಂದೆ ಎಲ್‌ಟಿ ಎಂದಿದ್ದರೆ ಅದು ಲೈಟ್ ಟ್ರಕ್ ಟೈರು. ಲೋಡ್ ರೇಂಜ್ ಸಿ ಎಂದರೆ ಆರು ಪ್ಲೈ ದರ್ಜೆ, ಡಿ ಎಂಟು, ಇ ಹತ್ತು. ಕಲ್ಲುದಾರಿಯಲ್ಲಿ ಭಾರ ಹೊರುವ ಗಾಡಿಗೆ ಇ ಬೇಕು. ಖಾಲಿ ಓಡಾಡುವ ಗಾಡಿಗೆ ಅದು ಬರೀ ಹೊರೆ, ಸಿ ಸಾಕು. ಯಾವುದೇ ಆದರೂ ಲೋಡ್ ಇಂಡೆಕ್ಸ್ ಕಂಪನಿ ಟೈರಿಗಿಂತ ಕೆಳಗಿರಬಾರದು. 112 ಎಂದರೆ ಒಂದು ಟೈರಿಗೆ 1,120 ಕೆ.ಜಿ., 121 ಎಂದರೆ 1,450 ಕೆ.ಜಿ.

ಟೈರಿಗೆ ಯುರೋಪಿನ ಲೇಬಲ್ ಅಂಟಿಸಿದ್ದರೆ ಇಂಧನದ ಸಾಲು ನೋಡಿ. 2021ರ ಮೇ ತಿಂಗಳಿಂದ ಅದು ಎ ಯಿಂದ ಇ ತನಕ ಐದು ದರ್ಜೆ. ಎ ಹಗುರವಾಗಿ ಉರುಳುತ್ತದೆ, ಇ ಹೆಚ್ಚು ತಡೆಯುತ್ತದೆ. ಒಂದೇ ಸೈಜಿನ ಎರಡು ಆಲ್-ಟೆರೇನ್ ಟೈರುಗಳ ನಡುವೆ ಒಂದು ದರ್ಜೆ ವ್ಯತ್ಯಾಸ ಸಿಕ್ಕರೂ ಅದನ್ನು ಬಿಡಬೇಡಿ. ನೂರಕ್ಕೆ ತೊಂಬತ್ತು ಭಾಗ ಡಾಂಬರು ರಸ್ತೆಯಲ್ಲೇ ಓಡುವ ಗಾಡಿಗೆ ಮಡ್ ಟೈರು ಹಾಕಿಸುವುದಕ್ಕೆ ಮಾತ್ರ ನಮ್ಮ ಒಪ್ಪಿಗೆಯಿಲ್ಲ. ಮೈಲೇಜ್ ಹೋಗುತ್ತದೆ, ಸದ್ದು ಬರುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತವೂ ಕಡಿಮೆ.

ರಿಮ್ ಬದಲಿಸುವುದಾದರೆ ಆಫ್‌ಸೆಟ್, ಅಂದರೆ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದನ್ನು ನೋಡಿ. ಅಗಲ ಅದೇ ಇದ್ದು ಆಫ್‌ಸೆಟ್ +30ರಿಂದ 0ಗೆ ಇಳಿದರೆ ಚಕ್ರ ಒಂದೊಂದು ಬದಿಗೂ 30 ಮಿ.ಮೀ. ಹೊರಗೆ ಬರುತ್ತದೆ. ಗಾಳಿಗೂ ಸಿಗುತ್ತದೆ, ವೀಲ್ ಬೇರಿಂಗಿಗೂ ಹೊರೆ.

ಹಾಕಿಸಿದ ದಿನ ಮಾಡಬೇಕಾದ ಕೆಲಸ

ಗಾಳಿಯಲ್ಲೇ ಹೆಚ್ಚು ಜನ ಎಡವುತ್ತಾರೆ. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವ 30–32 ಪಿಎಸ್‌ಐ ಕಂಪನಿಯ ಟೈರಿಗೆ ಹೇಳಿದ್ದು. ಎಲ್‌ಟಿ ಟೈರು ಅದೇ ಭಾರವನ್ನು ಹೊರಲು ಅದಕ್ಕಿಂತ ಹೆಚ್ಚು ಗಾಳಿ ಕೇಳುತ್ತದೆ. ಸ್ಟಿಕ್ಕರ್ ನೋಡಿ ಹೊಡೆಸಿದರೆ ಟೈರು ಒಳಗೊಳಗೇ ಹೆಚ್ಚು ಬಾಗಿ, ಬಿಸಿಯಾಗಿ, ಇಂಧನ ತಿನ್ನುತ್ತದೆ, ಭಾರ ಹೇರಿದಾಗ ಸಿಡಿಯುವ ಅಪಾಯವೂ ಇದೆ. ಟೈರು ಕಂಪನಿಯ ಭಾರ–ಗಾಳಿ ಪಟ್ಟಿಯಲ್ಲಿ ನಿಮ್ಮ ಆಕ್ಸಲ್ ಭಾರದ ಅರ್ಧಕ್ಕೆ ಎಷ್ಟು ಬೇಕೋ ಅಷ್ಟರಿಂದ ಶುರು ಮಾಡಿ. ಸೈಡ್‌ವಾಲಿನ ಮೇಲೆ ಬರೆದ ಗರಿಷ್ಠವನ್ನು ದಾಟಬೇಡಿ. ಮೂರು ಗಂಟೆ ನಿಂತ ಗಾಡಿಯಲ್ಲಿ, ಟೈರು ತಣ್ಣಗಿರುವಾಗಲೇ ಅಳೆಯಿರಿ. ನಾಲ್ಕೂ ಟೈರಿನಲ್ಲಿ ಸರಾಸರಿ 1 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು 0.2% ಇಳಿಯುತ್ತದೆ. 10 ಪಿಎಸ್‌ಐ ಕಡಿಮೆ ಎಂದರೆ 2%, ಅದೂ ಸುಮ್ಮಸುಮ್ಮನೆ.

ಪಟ್ಟಿಯ ಪ್ರಕಾರ ಹೊಡೆಸಿದ ಮೇಲೆ ಚಾಕ್‌ಪೀಸ್‌ನಿಂದ ಟ್ರೆಡ್ಡಿನ ಈ ಅಂಚಿನಿಂದ ಆ ಅಂಚಿಗೆ ದಪ್ಪ ಪಟ್ಟೆ ಬಳಿದು, ಒಣ ರಸ್ತೆಯಲ್ಲಿ ನೂರು ಮೀಟರ್ ನೇರವಾಗಿ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳು ಮಾತ್ರ ಅಳಿಸಿದ್ದರೆ ಕಡಿಮೆ. 2 ಪಿಎಸ್‌ಐ ಹೆಚ್ಚು ಕಡಿಮೆ ಮಾಡಿ ಮತ್ತೆ ನೋಡಿ. ಭಾರಕ್ಕೆ ಬೇಕಾದ ಕನಿಷ್ಠಕ್ಕಿಂತ ಮಾತ್ರ ಕೆಳಗೆ ಹೋಗಬೇಡಿ.

ಲಿಫ್ಟ್ ಹಾಕಿಸಿದ್ದರೆ ಅದೇ ದಿನ ವೀಲ್ ಅಲೈನ್‌ಮೆಂಟ್. ಮುಂದಿನ ಸಸ್ಪೆನ್ಷನ್ ಎತ್ತಿದಾಗ ಟೋ ಕೋನ (ಮೇಲಿನಿಂದ ನೋಡಿದರೆ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಬದಲಾಗುತ್ತದೆ, ಎರಡೂ ಚಕ್ರಗಳು ಸ್ವಲ್ಪ ಓರೆಯಾಗಿ ಉಜ್ಜಿಕೊಂಡೇ ಓಡುತ್ತವೆ. ಇಂಧನವೂ ಹಾಳು, ಟೈರಿನ ಅಂಚೂ ಹಾಳು. ಅಂಗೈಯನ್ನು ಟ್ರೆಡ್ಡಿನ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲು ತಾಗಿದಂತಿದ್ದರೆ ಟೋ ತಪ್ಪಿದೆ.

ಸ್ಟೇರಿಂಗ್ ಎರಡೂ ಕಡೆ ಫುಲ್ ಕಟ್ ಮಾಡಿ, ರಿವರ್ಸಿನಲ್ಲೂ ನೋಡಿ: ಮುಂದಿನ ಚಕ್ರದ ಹಿಂಬದಿಯ ಲೈನರ್, ಮಡ್‌ಫ್ಲಾಪ್, ಕ್ಯಾಬಿನ್ ಮೌಂಟ್, ಮೇಲಿನ ಕಂಟ್ರೋಲ್ ಆರ್ಮ್, ಬಂಪರಿನ ಮೂಲೆ. ಉಜ್ಜಿದ ಗುರುತು ಹೊಳೆಯುತ್ತಿರುತ್ತದೆ. ನಿಂತಾಗ ತಾಗದಿದ್ದದ್ದು ಗುಂಡಿಗೆ ಇಳಿದಾಗ ತಾಗಬಹುದು, ಆದ್ದರಿಂದ ಒಂದು ಚಕ್ರವನ್ನು ಎತ್ತರಕ್ಕೆ ಹತ್ತಿಸಿಯೂ ನೋಡಿ.

ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಜಾಕ್ ಹಾಕಿ ಎತ್ತಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೈಯಲ್ಲಿ ತಿರುಗಿಸಿ. ಬ್ರೇಕ್ ಪ್ಯಾಡ್ ಕಚ್ಚಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಟೈರಿನ ಮೇಲೆ ಬಂದ ದೂರು ಅಸಲಿಗೆ ಬ್ರೇಕಿನದಾಗಿರುತ್ತದೆ.

ಇದನ್ನೇ ಓಡಿಸಿ ಪರೀಕ್ಷಿಸಲೂಬಹುದು. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಜಿಪಿಎಸ್ ಪ್ರಕಾರ 60 ದಾಟಿಸಿ, ನ್ಯೂಟ್ರಲ್ ಮಾಡಿ, 60ರಿಂದ 40ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಪಕ್ಕದವರು ಎಣಿಸಲಿ. ಎಂಜಿನ್ ಆಫ್ ಮಾಡಕೂಡದು, ಸ್ಟೇರಿಂಗ್ ಮತ್ತು ಬ್ರೇಕಿನ ಬೂಸ್ಟರ್ ಕೈಕೊಡುತ್ತವೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಸರಾಸರಿ ತೆಗೆಯಿರಿ. ಟೈರು ಬದಲಿಸುವ ಮೊದಲೂ ಆಮೇಲೂ ಮಾಡಿದ್ದರೆ ಉರುಳು ತಡೆ ಎಷ್ಟು ಏರಿದೆ ಎಂಬುದು ಟ್ಯಾಂಕ್ ಲೆಕ್ಕಕ್ಕೆ ಕಾಯದೆ ತಿಳಿಯುತ್ತದೆ.

ಕ್ಯಾಲಿಬ್ರೇಷನ್, ಆಮೇಲೆ ಬೇಕಿದ್ದರೆ ಗೇರ್

ಈಗಿನ ಗಾಡಿಗಳಲ್ಲಿ ಟೈರಿನ ಸುತ್ತಳತೆಯನ್ನು ಸ್ಕ್ಯಾನರ್ ಅಥವಾ ಪ್ರೋಗ್ರಾಮರ್ ಮೂಲಕ ಕಂಪ್ಯೂಟರಿಗೆ ತುಂಬಿಸಬಹುದು. ನೆಲದ ಮೇಲೆ ಉರುಳಿಸಿ ಅಳೆದ ಸಂಖ್ಯೆಯನ್ನೇ ಕೊಡಿ, ಸೈಜಿನಿಂದ ಲೆಕ್ಕ ಹಾಕಿದ್ದನ್ನಲ್ಲ. ಕೇಬಲ್ ಸ್ಪೀಡೋಮೀಟರಿನ ಹಳೆಯ ಗಾಡಿಯಾದರೆ ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನಲ್ಲಿ ಕೇಬಲ್ ಕೂರುವ ಚಿಕ್ಕ ಪ್ಲಾಸ್ಟಿಕ್ ಗೇರನ್ನು ಬದಲಿಸಬೇಕು.

ಆಕ್ಸಲ್ ಗೇರ್ ಬದಲಾವಣೆಗೆ ಲೆಕ್ಕ: ಹಳೆಯ ಅನುಪಾತ × 1.07. 3.91 ಇದ್ದದ್ದಕ್ಕೆ 4.18 ಬೇಕು, ಅಂಗಡಿಯಲ್ಲಿ ಅದರ ಹತ್ತಿರದ್ದು ಸಿಗುವುದು 4.10 ಅಥವಾ 4.30. 35 ಇಂಚಿಗೆ 3.91 × 1.145 = 4.48, ಹತ್ತಿರದ್ದು 4.56. ಇದು ಮುಂಚಿನ ಎಳೆತವನ್ನು ವಾಪಸ್ ಕೊಡುತ್ತದೆ, ಗೇರ್‌ಬಾಕ್ಸಿನ ಹುಡುಕಾಟ ನಿಲ್ಲಿಸುತ್ತದೆ. ಟ್ರೆಡ್ಡಿನ ಉರುಳು ತಡೆಯನ್ನಾಗಲಿ, ಗಾಳಿಯ ತಡೆಯನ್ನಾಗಲಿ ಒಂದು ನ್ಯೂಟನ್ ಕೂಡ ಕಡಿಮೆ ಮಾಡುವುದಿಲ್ಲ. ವ್ಯಾಸ 5% ಒಳಗೆ ಏರಿದ್ದರೆ ಮೈಲೇಜಿಗಾಗಿ ಈ ಕೆಲಸಕ್ಕೆ ಕೈ ಹಾಕಬೇಡಿ. 10% ದಾಟಿದರೆ, ಅದರಲ್ಲೂ ಭಾರ ಎಳೆಯುವ ಗಾಡಿಗೆ, ಮಾಡಿಸಲೇಬೇಕು.

ಫೋರ್ ವೀಲ್ ಡ್ರೈವ್ ಆದರೆ ಮುಂದಿನ, ಹಿಂದಿನ ಎರಡೂ ಡಿಫರೆನ್ಶಿಯಲ್‌ಗಳ ಕ್ರೌನ್ ಮತ್ತು ಪಿನಿಯನ್ ಒಂದೇ ಅನುಪಾತಕ್ಕೆ ಬದಲಾಗಬೇಕು. ಒಂದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ಬೇರಿಂಗ್, ಸೀಲ್, ಕ್ರಷ್ ಸ್ಲೀವ್ ಹೊಸದೇ ಇರಲಿ. ಬ್ಯಾಕ್‌ಲ್ಯಾಷ್ (ಹಲ್ಲುಗಳ ನಡುವಿನ ಸಡಿಲ) ಗೇರ್ ತಯಾರಕರು ಹೇಳಿದ ಮಿತಿಯಲ್ಲಿದೆಯೇ ಎಂದು ಡಯಲ್ ಗೇಜ್‌ನಿಂದ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ಕಚ್ಚುವ ಗುರುತನ್ನು ತೋರಿಸುವ ಮೆಕ್ಯಾನಿಕ್ಕಿಗೇ ಕೊಡಿ. ಮೊದಲ ಓಟ 25–30 ಕಿ.ಮೀ. ಮೆಲ್ಲಗೆ, ಆಮೇಲೆ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. 800 ಕಿ.ಮೀ. ತನಕ ಟ್ರೈಲರ್ ಬೇಡ, ಅದು ಮುಗಿದ ಮೇಲೆ ಡಿಫರೆನ್ಶಿಯಲ್ ಎಣ್ಣೆ ಬದಲಿಸಿ.

ಸ್ಟೆಪ್ನಿಯೂ ಹೊಸ ಸೈಜಿನದೇ ಇರಬೇಕು. ಹಳೆಯ ಸೈಜಿನ ಸ್ಟೆಪ್ನಿ ಒಂದು ಬದಿಗೆ ಹಾಕಿ ಓಡಿಸಿದರೆ ಡಿಫರೆನ್ಶಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತದೆ, ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ಪ್ಲೇಟುಗಳು ಸುಡುತ್ತವೆ. ದೊಡ್ಡ ಸೈಜು ಚಾಸಿಯ ಅಡಿಯ ಜಾಗದಲ್ಲಿ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆದುಕೊಳ್ಳಿ. ಕ್ಯಾಲಿಬ್ರೇಷನ್ ಮಾಡಿಸದೇ ಉಳಿದಿದ್ದರೆ ಸರ್ವಿಸ್ ಲೆಕ್ಕವೂ ತಪ್ಪುತ್ತದೆ: ಓಡೋಮೀಟರ್ 10,000 ತೋರಿಸುವಾಗ ಎಂಜಿನ್ ಎಣ್ಣೆ 10,700 ಕಿ.ಮೀ. ಕೆಲಸ ಮಾಡಿರುತ್ತದೆ. 9,350ಕ್ಕೇ ಬದಲಿಸಿ.